ಕರ್ನಲ್‌ನಲ್ಲಿ ಷರತ್ತು 'ಸಡಿಲಿಸಿದರೆ' ನಮ್ಮ ಭದ್ರತೆಯೂ ಸಡಿಲವಾಗುತ್ತದೆಯೇ?

ಹೆಬ್ಬಾಳದ ಫ್ಲೈಓವರ್ ಹತ್ತಿರ ಎಳನೀರು ಕುಡಿದು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುತ್ತೇವೆ. ಆರ್.ಟಿ. ನಗರದ ದರ್ಶಿನಿಯಲ್ಲಿ ಇಡ್ಲಿ-ವಡೆಗೂ ಅದೇ, ಯಶವಂತಪುರದ ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿಗೂ ಅದೇ. ಎರಡು ಸೆಕೆಂಡಿನಲ್ಲಿ 'ಹಣ ಬಂದಿದೆ' ಎಂದು ಅಂಗಡಿಯ ಪುಟ್ಟ ಪೆಟ್ಟಿಗೆ ಕೂಗುತ್ತದೆ. ಹಣ ನಮ್ಮಿಂದ ಅವರಿಗೆ ಸುರಕ್ಷಿತವಾಗಿ ಹೋಯಿತು ಎಂಬ ನಂಬಿಕೆಯ ಮೇಲೆ ದಿನದ ವ್ಯವಹಾರ ನಡೆಯುತ್ತದೆ.

ಈಗ ನಿಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೋ ಕುಟುಂಬದ ಗ್ರೂಪಿಗೋ ಹೀಗೊಂದು ಸಂದೇಶ ಬಂತು ಎಂದುಕೊಳ್ಳಿ:

"ಎಚ್ಚರಿಕೆ! ಆಂಡ್ರಾಯ್ಡ್ ಫೋನಿನ ಒಳಗಿರುವ ಲಿನಕ್ಸ್ ಕರ್ನಲ್‌ನಲ್ಲಿ ವರ್ಚುವಲ್ ಮಷಿನ್ ಡ್ರೈವರ್‌ನ ಷರತ್ತು ಸಡಿಲಿಸಿದ್ದಾರೆ. ಇನ್ನು ಯಾರು ಬೇಕಾದರೂ ನಿಮ್ಮ ಫೋನನ್ನು ನಕಲು ಮಾಡಬಹುದು. ಅಪ್‌ಡೇಟ್ ಹಾಕಿಕೊಳ್ಳಬೇಡಿ. ಹತ್ತು ಜನರಿಗೆ ಕಳಿಸಿ."

ಗಾಬರಿ ಬೇಡ. ಇದು ನಾವೇ ಮಾದರಿಗೆಂದು ಬರೆದ ಸಂದೇಶ, ದಯವಿಟ್ಟು ಇದನ್ನು ಕತ್ತರಿಸಿ ಯಾರಿಗೂ ಕಳಿಸಬೇಡಿ! ಆದರೆ ಈ ಧಾಟಿ ನಿಮಗೆ ಹೊಸದೇನಲ್ಲ. ತಂತ್ರಜ್ಞರ ಮಾತಿನಿಂದ ಒಂದು ಪದವನ್ನು ಕಿತ್ತು ತಂದು, ಅದಕ್ಕೆ ನಮ್ಮ ದಿನಬಳಕೆಯ ಅರ್ಥ ಹಚ್ಚಿ, ಕೊನೆಯಲ್ಲಿ 'ಅಪ್‌ಡೇಟ್ ಬೇಡ' ಎಂದು ಸೇರಿಸಿದರೆ ಫಾರ್ವರ್ಡ್ ಸಿದ್ಧ. ಇದರಲ್ಲಿ 'ಷರತ್ತು ಸಡಿಲಿಸಿದ್ದಾರೆ' ಎಂಬ ಮಾತು ನಿಜವಿರಬಹುದು. ಅದರಿಂದ ಎಳೆದ ಅರ್ಥ ಮಾತ್ರ ತಪ್ಪು. ಲಿನಕ್ಸ್ ಕರ್ನಲ್‌ನಲ್ಲಿ 2024ರಲ್ಲಿ ನಡೆದ ಒಂದು ನಿಜವಾದ ಬದಲಾವಣೆಯನ್ನು ಇಟ್ಟುಕೊಂಡು ಇದನ್ನು ಬಿಡಿಸಿ ನೋಡೋಣ.

ಕರ್ನಲ್ ಎಂದರೇನು?

ಫೋನು, ಲ್ಯಾಪ್‌ಟಾಪು, ದೊಡ್ಡ ಸರ್ವರ್ ಹೀಗೆ ಯಾವುದೇ ಕಂಪ್ಯೂಟರಿನಲ್ಲಿ ಯಂತ್ರಭಾಗಗಳಿಗೂ ನಾವು ಬಳಸುವ ಆಪ್‌ಗಳಿಗೂ ನಡುವೆ ನಿಂತು ಎಲ್ಲವನ್ನೂ ನಿಭಾಯಿಸುವ ತಂತ್ರಾಂಶವೇ ಕರ್ನಲ್. ಮೆಮೊರಿಯನ್ನು ಯಾರಿಗೆ ಎಷ್ಟು ಕೊಡಬೇಕು, ಕ್ಯಾಮೆರಾವನ್ನು ಯಾವ ಆಪ್ ಬಳಸಬಹುದು, ಪರದೆಯ ಮೇಲೆ ಬೆರಳಿಟ್ಟದ್ದನ್ನು ಯಾರಿಗೆ ತಿಳಿಸಬೇಕು ಎಂಬುದೆಲ್ಲ ಅದರ ಕೆಲಸ.

1991ರಲ್ಲಿ ಫಿನ್ಲೆಂಡ್‌ನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಶುರುಮಾಡಿದ ಲಿನಕ್ಸ್ ಕರ್ನಲ್ ಇಂದು ಎಲ್ಲ ಆಂಡ್ರಾಯ್ಡ್ ಫೋನುಗಳ ಒಳಗಿದೆ. ಯಶವಂತಪುರದ ಪಕ್ಕದಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ನಾವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಕಡೆ, 2022ರಲ್ಲಿ ಸ್ಥಾಪಿಸಿದ 3.3 ಪೆಟಾಫ್ಲಾಪ್ ಸಾಮರ್ಥ್ಯದ 'ಪರಮ್ ಪ್ರವೇಗ' ಸೂಪರ್ ಕಂಪ್ಯೂಟರ್ ನಡೆಯುವುದೂ ಲಿನಕ್ಸ್ ಮೇಲೆಯೇ. ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರ್‌ಗಳ ಪಟ್ಟಿಯಲ್ಲಿ 2017ರ ನವೆಂಬರ್‌ನಿಂದೀಚೆಗೆ ಎಲ್ಲವೂ ಲಿನಕ್ಸ್ ಯಂತ್ರಗಳೇ.

ಜೇಬಿನಲ್ಲಿರುವ ಫೋನಿಗೂ ಒಂದು ಕೋಣೆ ತುಂಬುವ ಯಂತ್ರಕ್ಕೂ ಒಂದೇ ಕರ್ನಲ್ ಹೇಗೆ ಹೊಂದುತ್ತದೆ? ಉತ್ತರ ಸುಲಭ: ಎಲ್ಲರೂ ಎಲ್ಲವನ್ನೂ ತುಂಬಿಕೊಳ್ಳುವುದಿಲ್ಲ.

ಅಡುಗೆಯವರ ಪಟ್ಟಿಯ ಹಾಗೆ

ಮದುವೆ ಅಡುಗೆಯವರ ಹತ್ತಿರ ನೂರಾರು ಪದಾರ್ಥಗಳ ಪಟ್ಟಿ ಇರುತ್ತದೆ. ಯಾರ ಮನೆಯ ಊಟಕ್ಕೂ ಅಷ್ಟನ್ನೂ ಮಾಡುವುದಿಲ್ಲ. ಹೋಳಿಗೆ ಬೇಕೆಂದು ಗುರುತು ಹಾಕಿದರೆ ಹೂರಣಕ್ಕೆ ಬೇಳೆ-ಬೆಲ್ಲ ತರಿಸುತ್ತಾರೆ. ಬೇಡವೆಂದರೆ ಆ ಸಾಮಾನು ಅಡುಗೆಮನೆಗೆ ಬರುವುದೇ ಇಲ್ಲ.

ಲಿನಕ್ಸ್ ಕರ್ನಲ್‌ಗೂ ಇಂಥದೊಂದು ಪಟ್ಟಿ ಇದೆ, ಅದರ ಹೆಸರು 'ಕೆ-ಕಾನ್ಫಿಗ್'. ಕರ್ನಲ್‌ನ ಮೂಲ ಸಂಕೇತ ಮೂರು ಕೋಟಿ ಸಾಲುಗಳಿಗೂ ಹೆಚ್ಚು. ಅದರಲ್ಲಿ ಯಾವ ಭಾಗ ಬೇಕು, ಯಾವುದು ಬೇಡ ಎಂದು ಆರಿಸಲು ಹತ್ತು ಸಾವಿರಕ್ಕೂ ಹೆಚ್ಚು ಆಯ್ಕೆಗಳಿವೆ. ಫೋನ್ ತಯಾರಕರು ತಮಗೆ ಬೇಕಾದ್ದನ್ನು ಗುರುತು ಹಾಕಿಕೊಳ್ಳುತ್ತಾರೆ, ಸರ್ವರ್ ನಡೆಸುವವರು ಬೇರೆಯದನ್ನು ಗುರುತು ಹಾಕುತ್ತಾರೆ. ಹೀಗೆ ಆರಿಸಿದ ಭಾಗಗಳನ್ನು ಮಾತ್ರ ಸೇರಿಸಿ ಕರ್ನಲ್ ತಯಾರಿಸುವುದಕ್ಕೆ 'ಬಿಲ್ಡ್' ಮಾಡುವುದು ಎನ್ನುತ್ತಾರೆ.

ಈ ಪಟ್ಟಿಯಲ್ಲಿ ಅನೇಕ ಆಯ್ಕೆಗಳ ಕೆಳಗೆ 'ಡಿಪೆಂಡ್ಸ್ ಆನ್' ಎಂಬ ಸಾಲು ಇರುತ್ತದೆ. 'ಇದು ಬೇಕಾದರೆ ಮೊದಲು ಅದು ಇರಬೇಕು' ಎಂದು ಅದರ ಅರ್ಥ. ಯುಎಸ್‌ಬಿ ಕ್ಯಾಮೆರಾದ ಡ್ರೈವರ್ ಬೇಕೆಂದರೆ ಕರ್ನಲ್‌ನಲ್ಲಿ ಯುಎಸ್‌ಬಿ ಬೆಂಬಲ ಇರಲೇಬೇಕು, ಬೇಳೆಯಿಲ್ಲದೆ ಹೂರಣವಿಲ್ಲ ಎಂದ ಹಾಗೆ. ಷರತ್ತು ಪೂರೈಸದಿದ್ದರೆ ಆ ಆಯ್ಕೆ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ.

'ಷರತ್ತು ಸಡಿಲಿಸುವುದು' ಎಂದರೆ ಈ ಸಾಲನ್ನು ತೆಗೆಯುವುದು ಅಥವಾ 'ಇದು ಇರಬೇಕು' ಎಂದಿದ್ದುದನ್ನು 'ಇದು ಅಥವಾ ಅದು ಇದ್ದರೆ ಸಾಕು' ಎಂದು ಬದಲಿಸುವುದು. ಇದು ಕರ್ನಲ್ ತಯಾರಿಸುವವರ ಅಡುಗೆಮನೆಯ ನಿಯಮ. ನಿಮ್ಮ ಫೋನಿನ ಪಾಸ್‌ವರ್ಡಿಗೂ ಬೆರಳಚ್ಚಿಗೂ ಆಪ್‌ಗಳ ಅನುಮತಿಗೂ ಅದು ಸಂಬಂಧಪಟ್ಟದ್ದಲ್ಲ.

ಯಂತ್ರದೊಳಗೊಂದು ಯಂತ್ರ

ಸಂದೇಶದಲ್ಲಿದ್ದ ಇನ್ನೊಂದು ಭಯದ ಪದ 'ವರ್ಚುವಲ್ ಮಷಿನ್'. ಒಂದು ದೊಡ್ಡ ಮನೆಯನ್ನು ಗೋಡೆ ಹಾಕಿ ನಾಲ್ಕು ಸಣ್ಣ ಬಾಡಿಗೆ ಮನೆಗಳಾಗಿ ಮಾಡಿದ್ದನ್ನು ಯಲಹಂಕದಲ್ಲೋ ಸಂಜಯನಗರದಲ್ಲೋ ನೋಡಿರುತ್ತೀರಿ. ಪಾಯ ಒಂದೇ, ನೀರಿನ ಟ್ಯಾಂಕ್ ಒಂದೇ. ಆದರೆ ಬಾಗಿಲು ಬೇರೆ, ಬೀಗ ಬೇರೆ, ಒಬ್ಬರ ಮನೆಯೊಳಗೆ ಇನ್ನೊಬ್ಬರು ಇಣುಕುವಂತಿಲ್ಲ. ವರ್ಚುವಲ್ ಮಷಿನ್ ಕೂಡ ಹೀಗೆಯೇ: ಒಂದು ದೊಡ್ಡ ಕಂಪ್ಯೂಟರಿನ ಒಳಗೆ ತಂತ್ರಾಂಶದಿಂದ ಗೋಡೆ ಹಾಕಿ ಮಾಡಿದ ಸಣ್ಣ ಕಂಪ್ಯೂಟರ್. ಗೋಡೆ ಹಾಕಿ ಕಾಯುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂದು ಹೆಸರು.

2007ರಲ್ಲಿ ಕೆವಿಎಂ ಎಂಬ ಭಾಗ ಸೇರಿದ ಮೇಲೆ ಲಿನಕ್ಸ್ ಕರ್ನಲ್ಲೇ ಈ ಕೆಲಸ ಮಾಡಬಲ್ಲದು. ಇಂದು 'ಕ್ಲೌಡ್' ಎಂದು ನಾವು ಕರೆಯುವುದರಲ್ಲಿ ಬಹುಪಾಲು ಇಂಥ ಬಾಡಿಗೆ ಮನೆಗಳ ಸಮೂಹವೇ. ಒಳಗಿರುವ ಕರ್ನಲ್ ತನ್ನ ಹೈಪರ್‌ವೈಸರ್ ಜೊತೆ ಮಾತಾಡಲು ಬಳಸುವ ತುಣುಕುಗಳೇ ವರ್ಚುವಲೈಸೇಶನ್ ಡ್ರೈವರ್‌ಗಳು.

ಝೆರಾಕ್ಸ್ ಮಾಡಿದರೆ ಆಗುವ ತೊಂದರೆ

ವರ್ಚುವಲ್ ಮಷಿನ್‌ಗೆ ನಿಜವಾದ ಯಂತ್ರಕ್ಕಿಲ್ಲದ ಒಂದು ಅನುಕೂಲವಿದೆ. ಅದು ಓಡುತ್ತಿರುವಾಗಲೇ ಅದರ ಸ್ಥಿತಿಯನ್ನು ಪೂರ್ತಿಯಾಗಿ ಒಂದು ಕಡತದಲ್ಲಿ ಉಳಿಸಿಡಬಹುದು. ಇದು ಸ್ನ್ಯಾಪ್‌ಶಾಟ್. ಬೇಕಾದಾಗ ಅದೇ ಕಡತದಿಂದ ಒಂದಲ್ಲ, ನೂರು ತದ್ರೂಪಿ ಯಂತ್ರಗಳನ್ನು ಎಬ್ಬಿಸಬಹುದು. ಹಬ್ಬದ ಹಿಂದಿನ ದಿನ ಊರಿಗೆ ಹೋಗಲು ಎಲ್ಲರೂ ಒಟ್ಟಿಗೆ ಬಸ್ ಟಿಕೆಟ್ ಹುಡುಕುತ್ತೇವಲ್ಲ, ಅಂಥ ಹೊತ್ತಿನಲ್ಲಿ ಸೇವೆ ಒದಗಿಸುವವರಿಗೆ ಇದ್ದಕ್ಕಿದ್ದಂತೆ ಹೆಚ್ಚು ಯಂತ್ರಗಳು ಬೇಕು. ಒಂದೊಂದನ್ನೂ ಮೊದಲಿನಿಂದ ಶುರುಮಾಡುವ ಬದಲು ಸಿದ್ಧವಾಗಿರುವ ಒಂದನ್ನು ಝೆರಾಕ್ಸ್ ಮಾಡಿದರೆ ಸಮಯ ಉಳಿಯುತ್ತದೆ.

ತೊಂದರೆ ಇರುವುದು ಇಲ್ಲೇ. ಆಸ್ಪತ್ರೆಯೊಂದರ ಎರಡು ಕೌಂಟರ್‌ಗಳಿಗೆ ಒಂದೇ ನಂಬರಿನ ಟೋಕನ್ ಪುಸ್ತಕ ಕೊಟ್ಟರು ಎಂದುಕೊಳ್ಳಿ. 47ನೇ ನಂಬರಿನ ಟೋಕನ್ ಇಬ್ಬರ ಕೈಯಲ್ಲಿರುತ್ತದೆ. ಇಬ್ಬರಲ್ಲಿ ಯಾರು ಸರಿ? ಇಬ್ಬರೂ ಸರಿ, ತಪ್ಪಿದ್ದು ಪುಸ್ತಕ.

ಕಂಪ್ಯೂಟರಿನಲ್ಲಿ ಆ ಪುಸ್ತಕದ ಜಾಗದಲ್ಲಿರುವುದು ಯಾದೃಚ್ಛಿಕ ಸಂಖ್ಯೆಗಳು, ಅಂದರೆ ಮುಂದಿನದು ಯಾವುದು ಎಂದು ಯಾರೂ ಊಹಿಸಲಾಗದ ಸಂಖ್ಯೆಗಳು. ನೀವು ಬ್ಯಾಂಕಿನ ಪುಟ ತೆರೆದಾಗ ಮಾತುಕತೆಯನ್ನು ಗುಪ್ತವಾಗಿಡುವ ಬೀಗದಕೈ ಹುಟ್ಟುವುದು ಇಂಥ ಸಂಖ್ಯೆಯಿಂದ. ಲಾಗಿನ್ ಆದಾಗ ನಿಮ್ಮನ್ನು ಗುರುತಿಸುವ ತಾತ್ಕಾಲಿಕ ಗುರುತಿನ ಸಂಖ್ಯೆಯೂ ಹೀಗೆಯೇ. ಇವುಗಳನ್ನು ಒದಗಿಸುವುದು ಕರ್ನಲ್‌ನ ಜವಾಬ್ದಾರಿ. ಯಂತ್ರದಲ್ಲಿ ನಡೆಯುವ ಅನಿಶ್ಚಿತ ಘಟನೆಗಳ ಸೂಕ್ಷ್ಮ ಸಮಯವನ್ನೂ ಪ್ರೊಸೆಸರ್ ಕೊಡುವ ಸಂಖ್ಯೆಗಳನ್ನೂ ಬೆರೆಸಿ ಅದು ಒಂದು ಗುಪ್ತ 'ಬೀಜ' ಇಟ್ಟುಕೊಳ್ಳುತ್ತದೆ. ಆ ಬೀಜದಿಂದ ಸಂಖ್ಯೆಗಳ ಸಾಲನ್ನು ಬೆಳೆಸುತ್ತದೆ.

ಯಂತ್ರವನ್ನು ಝೆರಾಕ್ಸ್ ಮಾಡಿದಾಗ ಈ ಬೀಜವೂ ಝೆರಾಕ್ಸ್ ಆಗುತ್ತದೆ! ಎರಡು ತದ್ರೂಪಿಗಳು ಎದ್ದ ಕೂಡಲೇ ಒಂದೇ 'ಊಹಿಸಲಾಗದ' ಸಂಖ್ಯೆಯನ್ನು ಕೊಡಬಹುದು. ಕರ್ನಲ್ ಆಗಾಗ ಹೊಸ ಅನಿಶ್ಚಿತತೆ ಬೆರೆಸುವುದರಿಂದ ಸ್ವಲ್ಪ ಹೊತ್ತಿನಲ್ಲಿ ಎರಡರ ದಾರಿ ಬೇರೆಯಾಗುತ್ತದೆ ಎನ್ನುವುದು ನಿಜ. ಆದರೆ ಕೆಲಸ ಮುಗಿಸಿ ಕೆಲವೇ ಸೆಕೆಂಡುಗಳಲ್ಲಿ ಇಲ್ಲವಾಗುವ ಯಂತ್ರಗಳ ವಿಷಯದಲ್ಲಿ ಆ 'ಸ್ವಲ್ಪ ಹೊತ್ತು' ಎಂದರೆ ಅದರ ಇಡೀ ಆಯುಷ್ಯ.

ಇದು ಬರೀ ಊಹೆಯಲ್ಲ. 2010ರಲ್ಲಿ ಥಾಮಸ್ ರಿಸ್ಟೆನ್‌ಪಾರ್ಟ್ ಮತ್ತು ಸ್ಕಾಟ್ ಯಿಲೆಕ್ ಎಂಬ ಸಂಶೋಧಕರು ವರ್ಚುವಲ್ ಮಷಿನ್ ಅನ್ನು ಒಂದೇ ಸ್ನ್ಯಾಪ್‌ಶಾಟ್‌ನಿಂದ ಮತ್ತೆ ಮತ್ತೆ ಎಬ್ಬಿಸಿ ಪರೀಕ್ಷಿಸಿದರು. ಬ್ರೌಸರ್‌ಗಳು ಹಿಂದೆ ಬಳಸಿದ ಗುಪ್ತ ಸಂಖ್ಯೆಗಳನ್ನೇ ಪುನಃ ಬಳಸುವುದನ್ನು ಅವರು ತೋರಿಸಿದರು. ಒಂದು ಬಗೆಯ ವೆಬ್ ಸರ್ವರ್‌ನಲ್ಲಂತೂ ಅದರ ದೀರ್ಘಕಾಲದ ಗುಪ್ತ ಕೀಲಿಯನ್ನೇ ಲೆಕ್ಕ ಹಾಕಿ ಹೊರತೆಗೆಯಲು ಸಾಧ್ಯವಿತ್ತು.

ಗಂಟೆ ಬಾರಿಸುವ ಡ್ರೈವರ್

ಇದಕ್ಕೆ ಪರಿಹಾರವೇನು? 'ನೀನು ಈಗಷ್ಟೇ ನಕಲಾಗಿ ಎದ್ದಿದ್ದೀಯ, ಹಳೆಯ ಬೀಜ ನಂಬಬೇಡ' ಎಂದು ಯಾರಾದರೂ ಒಳಗಿನ ಕರ್ನಲ್‌ಗೆ ಹೇಳಬೇಕು. ನಕಲಾದವರಿಗೆ ತಾವು ನಕಲು ಎಂದು ತಾವಾಗಿ ತಿಳಿಯುವುದಿಲ್ಲ. ಹೊರಗಿರುವ ಹೈಪರ್‌ವೈಸರ್‌ಗೆ ಮಾತ್ರ ಅದು ಗೊತ್ತು.

ಮೈಕ್ರೋಸಾಫ್ಟ್ ತನ್ನ ವಿಂಡೋಸ್ ಸರ್ವರ್ 2012ರ ಹೊತ್ತಿಗೆ ಇದಕ್ಕೊಂದು ವ್ಯವಸ್ಥೆ ತಂದಿತು. ಹೆಸರು 'ವಿಎಂ ಜನರೇಶನ್ ಐಡಿ'. ಹೈಪರ್‌ವೈಸರ್ ಪ್ರತಿ ವರ್ಚುವಲ್ ಮಷಿನ್‌ನ ಮೆಮೊರಿಯಲ್ಲಿ 128 ಬಿಟ್‌ಗಳ ಒಂದು ಸಂಖ್ಯೆ ಬರೆದಿಡುತ್ತದೆ. ಸ್ನ್ಯಾಪ್‌ಶಾಟ್‌ನಿಂದ ಎಬ್ಬಿಸಿದಾಗಲೆಲ್ಲ ಆ ಸಂಖ್ಯೆ ಬದಲಿಸಿ ಒಳಗಿನವರಿಗೆ ಗಂಟೆ ಬಾರಿಸುತ್ತದೆ. ಒಳಗಿನ ಕರ್ನಲ್ ಆ ಗಂಟೆ ಕೇಳಿ ತನ್ನ ಬೀಜಕ್ಕೆ ಹೊಸ ಸಂಖ್ಯೆ ಬೆರೆಸಿಕೊಂಡರೆ ಇಬ್ಬರ ಟೋಕನ್ ಪುಸ್ತಕ ಬೇರೆಯಾಗುತ್ತದೆ.

ಲಿನಕ್ಸ್‌ನಲ್ಲಿ ಈ ಗಂಟೆ ಕೇಳಿಸಿಕೊಳ್ಳುವ ಡ್ರೈವರ್ ಬಂದದ್ದು 2022ರ ಮೇ ತಿಂಗಳ 5.18ನೇ ಆವೃತ್ತಿಯಲ್ಲಿ. ಅದರ ಹೆಸರು 'ವಿಎಂಜೆನ್‌ಐಡಿ'. ಸಣ್ಣ ಡ್ರೈವರ್, ದೊಡ್ಡ ಕೆಲಸ. ಆದರೆ ಪಟ್ಟಿಯಲ್ಲಿ ಅದರ ಕೆಳಗೆ ಒಂದು ಷರತ್ತಿತ್ತು: 'ಡಿಪೆಂಡ್ಸ್ ಆನ್ ಎಸಿಪಿಐ'.

ರೇಷನ್ ಕಾರ್ಡೇ ಬೇಕು ಎಂದಂತೆ

ಎಸಿಪಿಐ ಎಂದರೇನು? ಕಂಪ್ಯೂಟರ್ ಆನ್ ಆದಾಗ 'ಈ ಯಂತ್ರದಲ್ಲಿ ಏನೇನಿದೆ, ಯಾವುದು ಎಲ್ಲಿದೆ' ಎಂಬ ವಿವರ ಕರ್ನಲ್‌ಗೆ ಬೇಕು. ಲ್ಯಾಪ್‌ಟಾಪ್ ಮತ್ತು ಸಾಮಾನ್ಯ ಸರ್ವರ್‌ಗಳಲ್ಲಿ ಆ ವಿವರ ಕೊಡುವ ಪದ್ಧತಿ ಎಸಿಪಿಐ. 1996ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ ಅದನ್ನು ಪ್ರಕಟಿಸಿದವು. ಅದು ಬರೀ ಪಟ್ಟಿಯಲ್ಲ. ಅದರೊಳಗೆ ಓಡಿಸಬೇಕಾದ ಸಣ್ಣ ಪ್ರೋಗ್ರಾಂಗಳೂ ಇರುತ್ತವೆ, ಅವುಗಳನ್ನು ಓಡಿಸಲು ಕರ್ನಲ್‌ನಲ್ಲಿ ದೊಡ್ಡದೊಂದು ಭಾಗವೇ ಬೇಕು.

ಇದೇ ವಿವರ ಕೊಡಲು ಇನ್ನೊಂದು ಸರಳ ಪದ್ಧತಿ ಇದೆ, 'ಡಿವೈಸ್ ಟ್ರೀ'. 'ಇಂಥ ಸಾಧನ, ಇಂಥ ವಿಳಾಸದಲ್ಲಿದೆ' ಎಂದು ನೇರವಾಗಿ ಬರೆದ ಪಟ್ಟಿ ಅದು. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನ್ ಆನ್ ಆಗುವಾಗ ಕರ್ನಲ್ ಓದುವುದು ಬಹುತೇಕ ಈ ಪಟ್ಟಿಯನ್ನೇ.

ಈಗ ಒಂದು ಕಚೇರಿಯ ಅರ್ಜಿ ನೆನಪಿಸಿಕೊಳ್ಳಿ. ಅವರಿಗೆ ಬೇಕಾದದ್ದು ನಿಮ್ಮ ವಿಳಾಸ. ಆದರೆ ಅರ್ಜಿಯಲ್ಲಿ 'ರೇಷನ್ ಕಾರ್ಡ್ ಪ್ರತಿ ಕಡ್ಡಾಯ' ಎಂದು ಅಚ್ಚಾಗಿದೆ. ನಿಮ್ಮ ಹತ್ತಿರ ವೋಟರ್ ಐಡಿ ಇದೆ, ಕರೆಂಟ್ ಬಿಲ್ ಇದೆ. ವಿಳಾಸ ಅದರಲ್ಲೂ ಅಷ್ಟೇ ಸ್ಪಷ್ಟವಾಗಿದೆ. ಆದರೂ ಕೌಂಟರಿನಲ್ಲಿ ವಾಪಸ್ ಕಳಿಸುತ್ತಾರೆ. ಕೆಟ್ಟ ಉದ್ದೇಶವೇನಿಲ್ಲ, ಅರ್ಜಿ ಬರೆದಾಗ ಎಲ್ಲರ ಹತ್ತಿರವೂ ರೇಷನ್ ಕಾರ್ಡ್ ಇರುತ್ತದೆ ಎಂದುಕೊಂಡಿದ್ದರು, ಅಷ್ಟೇ.

ವಿಎಂಜೆನ್‌ಐಡಿ ಡ್ರೈವರ್‌ನದೂ ಇದೇ ಕತೆ. ಅದಕ್ಕೆ ಬೇಕಾದದ್ದು ಎರಡೇ ಸಂಗತಿ: ಆ 128 ಬಿಟ್ ಸಂಖ್ಯೆ ಮೆಮೊರಿಯಲ್ಲಿ ಎಲ್ಲಿದೆ, ಗಂಟೆ ಯಾವ ದಾರಿಯಲ್ಲಿ ಬರುತ್ತದೆ. ಇದನ್ನು ಎಸಿಪಿಐ ಹೇಳಬಹುದು, ಡಿವೈಸ್ ಟ್ರೀ ಕೂಡ ಹೇಳಬಹುದು. ಆದರೆ ಮೊದಲು ಬರೆದಾಗ ಮೂಲ ವ್ಯವಸ್ಥೆ ಎಸಿಪಿಐ ಮೂಲಕವೇ ಇದ್ದದ್ದರಿಂದ ಡ್ರೈವರ್‌ಗೂ ಅದೊಂದೇ ದಾರಿ ಗೊತ್ತಿತ್ತು.

ಬಾಗಿಲಲ್ಲೇ ಉಳಿದವರು ಯಾರು?

ಅಮೆಜಾನ್ 2018ರ ನವೆಂಬರ್‌ನಲ್ಲಿ 'ಫೈರ್‌ಕ್ರ್ಯಾಕರ್' ಎಂಬ ತಂತ್ರಾಂಶವನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟಿತು. ತೀರಾ ಚಿಕ್ಕ ವರ್ಚುವಲ್ ಮಷಿನ್‌ಗಳನ್ನು ಬಹಳ ಬೇಗ ಎಬ್ಬಿಸುವುದು ಅದರ ಕೆಲಸ. ಎದ್ದು ನಿಲ್ಲಲು 125 ಮಿಲಿಸೆಕೆಂಡ್ ಸಾಕು, ಅಂದರೆ ಸೆಕೆಂಡಿನ ಎಂಟನೇ ಒಂದು ಭಾಗ. ಪ್ರತಿ ಯಂತ್ರಕ್ಕೂ ತಗಲುವ ಹೆಚ್ಚುವರಿ ಮೆಮೊರಿ 5 ಎಂಬಿಗಿಂತ ಕಡಿಮೆ. ಇಷ್ಟು ಚಿಕ್ಕದಾಗಿ ಇರಬೇಕೆಂದರೆ ಬೇಡದ ಸಾಮಾನನ್ನೆಲ್ಲ ಹೊರಗಿಡಬೇಕು. ಅದರ ಯಂತ್ರಗಳಿಗೆ ಅನವಶ್ಯಕವಾಗಿದ್ದ ಸಾಮಾನುಗಳಲ್ಲಿ ಎಸಿಪಿಐ ಒಂದು.

ಇಲ್ಲಿದೆ ವಿಪರ್ಯಾಸ. ಸ್ನ್ಯಾಪ್‌ಶಾಟ್‌ನಿಂದ ಪದೇ ಪದೇ ನಕಲಾಗಿ ಏಳುವುದು ಇಂಥ ಚಿಕ್ಕ ಯಂತ್ರಗಳೇ. ನಕಲಿನಿಂದ ಕಾಪಾಡುವ ಡ್ರೈವರ್ ಎಲ್ಲರಿಗಿಂತ ಹೆಚ್ಚು ಬೇಕಾದದ್ದು ಅವುಗಳಿಗೇ. ಆದರೆ ಎಸಿಪಿಐ ಇಲ್ಲ ಎಂಬ ಕಾರಣಕ್ಕೆ ಪಟ್ಟಿಯಲ್ಲಿ ಆ ಆಯ್ಕೆಯೇ ಅವುಗಳಿಗೆ ಸಿಗುತ್ತಿರಲಿಲ್ಲ. ಕೊಡೆ ಇರುವುದು ಕಾರಿನವರಿಗೆ ಮಾತ್ರ, ಬಸ್ ಸ್ಟಾಪಿನಲ್ಲಿ ನಿಂತವರಿಗಿಲ್ಲ ಎಂಬಂತಾಯಿತು.

ಎಸಿಪಿಐ ಸೇರಿಸಿಕೊಂಡರೆ ಆಗುತ್ತಿತ್ತಲ್ಲ ಎಂದು ನೀವು ಕೇಳಬಹುದು. ಆಗುತ್ತಿತ್ತು. ಆದರೆ ಗಂಟೆ ಕೇಳಿಸಿಕೊಳ್ಳುವ ಒಂದು ಸಣ್ಣ ಕೆಲಸಕ್ಕಾಗಿ ದೊಡ್ಡದೊಂದು ಭಾಗವನ್ನು ಒಳಗೆ ತಂದಂತಾಗುತ್ತಿತ್ತು. ಸಂಕೇತ ಹೆಚ್ಚಿದಷ್ಟೂ ತಪ್ಪು ಅಡಗಲು ಜಾಗ ಹೆಚ್ಚು, ಆಕ್ರಮಣ ಮಾಡುವವರಿಗೂ ದಾರಿ ಹೆಚ್ಚು.

2024ರಲ್ಲಿ ಆದದ್ದೇನು?

2024ರ ಜುಲೈನಲ್ಲಿ ಬಂದ ಲಿನಕ್ಸ್ 6.10ನೇ ಆವೃತ್ತಿಯಲ್ಲಿ ಈ ಷರತ್ತು ಹೋಯಿತು. ವಿಎಂಜೆನ್‌ಐಡಿ ಡ್ರೈವರ್ ಎಸಿಪಿಐ ಇದ್ದರೆ ಅದರಿಂದ, ಇಲ್ಲದಿದ್ದರೆ ಡಿವೈಸ್ ಟ್ರೀಯಿಂದ ವಿಳಾಸ ತಿಳಿದುಕೊಳ್ಳುವಂತಾಯಿತು. ಕೆಲಸ ಮಾಡಿದ್ದು ಅಮೆಜಾನ್ ಕಡೆಯ ಎಂಜಿನಿಯರ್. ಯೋಚನೆ ಮೊದಲು ಮೈಕ್ರೋಸಾಫ್ಟ್‌ನದಾದ್ದರಿಂದ ಡಿವೈಸ್ ಟ್ರೀಯಲ್ಲಿ ಈ ಸಾಧನದ ನೋಂದಣಿ ಹೆಸರಿನ ಮೊದಲಲ್ಲಿ ಇಂದಿಗೂ 'ಮೈಕ್ರೋಸಾಫ್ಟ್' ಎಂದೇ ಇದೆ. ಮಾರುಕಟ್ಟೆಯಲ್ಲಿ ಎದುರಾಳಿಗಳಾದವರ ಕೆಲಸ ಲಿನಕ್ಸ್‌ನ ಒಂದೇ ಕಡತದಲ್ಲಿ ಸೇರಿದೆ.

ಗಮನಿಸಿ, 'ಸಡಿಲಿಕೆ' ಎಂದರೆ ಒಂದು ಸಾಲು ಅಳಿಸಿ ಕೈತೊಳೆದುಕೊಂಡದ್ದಲ್ಲ. ಮೊದಲು ಡ್ರೈವರ್‌ಗೆ ಎರಡನೇ ದಾಖಲೆ ಓದಲು ಕಲಿಸಿದರು, ಆ ದಾಖಲೆಯಲ್ಲಿ ಏನಿರಬೇಕು ಎಂದು ನಿಯಮ ಬರೆದರು. ಆಮೇಲೆ ಹಳೆಯ ಷರತ್ತಿಗೆ ಅರ್ಥ ಉಳಿಯಲಿಲ್ಲ. ಫಲಿತಾಂಶವೇನೆಂದರೆ, ರಕ್ಷಣೆಯ ಡ್ರೈವರ್ ಅದಿಲ್ಲದ ಯಂತ್ರಗಳಿಗೂ ತಲುಪಿತು. ಅದಕ್ಕಾಗಿ ಬೇಡದ ಭಾಗವನ್ನು ಒಳಗೆ ಸೇರಿಸಿಕೊಳ್ಳಬೇಕಾಗಲಿಲ್ಲ. ಷರತ್ತು ಸಡಿಲವಾದದ್ದರಿಂದ ಭದ್ರತೆ ಬಿಗಿಯಾಯಿತು.

ಇದರಿಂದ ಎಲ್ಲ ಸಮಸ್ಯೆ ಮುಗಿಯಿತು ಎಂದಲ್ಲ. ಹೈಪರ್‌ವೈಸರ್ ಗಂಟೆ ಬಾರಿಸಿದರೆ ಮಾತ್ರ ಡ್ರೈವರ್ ಕೇಳಿಸಿಕೊಳ್ಳಬಲ್ಲದು. ಗಂಟೆ ಬಾರಿಸುವುದಕ್ಕೂ ಕೇಳಿಸುವುದಕ್ಕೂ ನಡುವೆ ಕ್ಷಣದ ಅಂತರ ಇದ್ದೇ ಇರುತ್ತದೆ. ಸ್ವಂತ ಬೀಜ ಇಟ್ಟುಕೊಳ್ಳುವ ತಂತ್ರಾಂಶಗಳು ತಾವೂ ಎಚ್ಚರ ವಹಿಸಬೇಕು. ಆದರೂ ಬೀಗವೇ ಇಲ್ಲದ ಬಾಗಿಲಿಗೂ ಒಂದು ಬೀಗ ಇರುವ ಬಾಗಿಲಿಗೂ ವ್ಯತ್ಯಾಸವಿದೆ.

ಹಾಗಾದರೆ ಸಡಿಲಿಸುವುದೆಲ್ಲ ಒಳ್ಳೆಯದೇ?

ಹಾಗೇನಿಲ್ಲ. ಅನಗತ್ಯವೆಂದು ಕಂಡದ್ದು ನಿಜಕ್ಕೂ ಅಗತ್ಯವಾಗಿದ್ದರೆ ತೊಂದರೆಯಾಗುತ್ತದೆ.

ಇದಕ್ಕೆ ದೊಡ್ಡ ಪಾಠ ಸಿಕ್ಕಿದ್ದು ಕರ್ನಲ್‌ನ ಹೊರಗೆ, ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಯಲ್ಲಿ. ಗುಪ್ತ ಕೀಲಿಗಳನ್ನು ತಯಾರಿಸುವ 'ಓಪನ್ಎಸ್ಎಸ್ಎಲ್' ತಂತ್ರಾಂಶದಲ್ಲಿ ತಪಾಸಣಾ ಉಪಕರಣವೊಂದು ಆಕ್ಷೇಪ ತೋರಿದ ಸಾಲುಗಳನ್ನು 2006ರಲ್ಲಿ ತೆಗೆದುಹಾಕಿದರು. ಬೀಜಕ್ಕೆ ಅನಿಶ್ಚಿತತೆ ಬೆರೆಸುತ್ತಿದ್ದದ್ದು ಆ ಸಾಲೇ! 2008ರ ಮೇನಲ್ಲಿ ಇದು ಬೆಳಕಿಗೆ ಬರುವ ಹೊತ್ತಿಗೆ ಅಂಥ ಯಂತ್ರಗಳಲ್ಲಿ ಒಂದು ಬಗೆಯ ಕೀಲಿಗೆ ಸುಮಾರು 32 ಸಾವಿರ ಸಾಧ್ಯತೆಗಳಷ್ಟೇ ಉಳಿದಿದ್ದವು. ಕಂಪ್ಯೂಟರ್‌ಗೆ ಅಷ್ಟನ್ನೂ ಒಂದೊಂದಾಗಿ ಪ್ರಯತ್ನಿಸುವುದು ಕಷ್ಟವೇ ಅಲ್ಲ. ಜಗತ್ತಿನಾದ್ಯಂತ ಕೀಲಿಗಳನ್ನು ಹೊಸದಾಗಿ ಮಾಡಬೇಕಾಯಿತು.

ಕರ್ನಲ್‌ನ ಷರತ್ತನ್ನು ತಪ್ಪಾಗಿ ಸಡಿಲಿಸಿದರೆ ಸಾಮಾನ್ಯವಾಗಿ ಆಗುವುದು ಇಷ್ಟು ಗಂಭೀರವಲ್ಲ. ಬೇಳೆ ಇಲ್ಲದೆ ಹೂರಣ ರುಬ್ಬಲು ಹೋದಂತೆ ಬಿಲ್ಡ್ ಅಲ್ಲೇ ನಿಂತುಹೋಗುತ್ತದೆ. ಅದನ್ನು ಮೊದಲೇ ಹಿಡಿಯಲು ಸ್ವಯಂಚಾಲಿತ ಪರೀಕ್ಷಾ ವ್ಯವಸ್ಥೆಗಳಿವೆ. ಅವು ಪಟ್ಟಿಯಲ್ಲಿ ಮನಸ್ಸಿಗೆ ಬಂದ ಹಾಗೆ ಗುರುತು ಹಾಕಿ, ಹಗಲೂ ರಾತ್ರಿ ಕರ್ನಲ್ ತಯಾರಿಸಿ ನೋಡುತ್ತವೆ. ತಪ್ಪು ಸಿಕ್ಕಿದರೆ ಬದಲಾವಣೆ ಕಳಿಸಿದವರಿಗೇ ಇಮೇಲ್ ಹೋಗುತ್ತದೆ. ಪರೀಕ್ಷೆಗೆಂದೇ ಷರತ್ತು ಸಡಿಲಿಸುವ 'ಕಂಪೈಲ್ ಟೆಸ್ಟ್' ಎಂಬ ಆಯ್ಕೆ 2013ರಿಂದಲೂ ಇದೆ. ಯಂತ್ರಭಾಗ ಎದುರಿಗೆ ಇಲ್ಲದಿದ್ದರೂ ಅದರ ಡ್ರೈವರ್‌ನಲ್ಲಿ ತಪ್ಪಿದೆಯೇ ಎಂದು ಅದರಿಂದ ನೋಡಬಹುದು.

ಎಲ್ಲಕ್ಕಿಂತ ಮುಖ್ಯವಾಗಿ, ಇದೆಲ್ಲ ನಡೆಯುವುದು ಬಯಲಲ್ಲಿ. ಪ್ರತಿ ಸಾಲನ್ನು ಯಾರು ಬದಲಿಸಿದರು, ಏಕೆ ಬದಲಿಸಿದರು, ಯಾರು ಒಪ್ಪಿದರು ಎಂಬುದು ಸಾರ್ವಜನಿಕ ದಾಖಲೆ. ಈ ಕೆಲಸದಲ್ಲಿ ನಮ್ಮ ಊರಿನವರ ಪಾಲೂ ಇದೆ. ಓಡುತ್ತಿರುವ ಕರ್ನಲ್ ಅನ್ನು ನಿಲ್ಲಿಸದೆಯೇ ಅದರೊಳಗೆ ಇಣುಕಿ ನೋಡಲು ನೆರವಾಗುವ 'ಕೆಪ್ರೋಬ್ಸ್' ಎಂಬ ಸೌಲಭ್ಯ 2004ರಲ್ಲಿ ಲಿನಕ್ಸ್ ಸೇರಿತು. ಅದರಲ್ಲಿ ಐಬಿಎಂನ ಬೆಂಗಳೂರು ಎಂಜಿನಿಯರ್‌ಗಳ ಕೆಲಸ ದೊಡ್ಡದು. ಅದೇ ವರ್ಷಗಳಲ್ಲಿ 'ಲಿನಕ್ಸ್ ಬೆಂಗಳೂರು' ಸಮ್ಮೇಳನ ಟಾಟಾ ಇನ್‌ಸ್ಟಿಟ್ಯೂಟಿನ ಜೆ.ಎನ್. ಟಾಟಾ ಸಭಾಂಗಣದಲ್ಲಿ ನಡೆಯುತ್ತಿತ್ತು. 2005ರಿಂದ ಅದು 'ಫಾಸ್ ಡಾಟ್ ಇನ್' ಎಂಬ ಹೆಸರಿನಲ್ಲಿ ಮುಂದುವರಿಯಿತು. ಇಂದು ಕರ್ನಲ್‌ಗೆ ಬದಲಾವಣೆ ಕಳಿಸುವ ಎಂಜಿನಿಯರ್ ನಿಮ್ಮ ಪಕ್ಕದ ಬ್ಲಾಕಿನವರೇ ಇರಬಹುದು.

ನನ್ನ ಫೋನಿಗೆ ಇದರಿಂದ ಏನು?

ವಿಎಂಜೆನ್‌ಐಡಿ ಬದಲಾವಣೆ ಮುಖ್ಯವಾಗಿ ಕ್ಲೌಡ್‌ನಲ್ಲಿರುವ ಯಂತ್ರಗಳಿಗೆ ಸಂಬಂಧಿಸಿದ್ದು. ಅದರಿಂದ ನಿಮ್ಮ ಫೋನನ್ನು ಯಾರೂ ನಕಲು ಮಾಡಲು ಸಾಧ್ಯವಾಗುವುದಿಲ್ಲ. ನಕಲಾದ ಯಂತ್ರಕ್ಕೆ ಎಚ್ಚರಿಕೆ ಕೊಡುವುದೇ ಆ ಡ್ರೈವರ್‌ನ ಕೆಲಸ, ನಕಲು ಮಾಡುವುದಲ್ಲ. ನೀವು ಬಳಸುವ ಸೇವೆಯ ಹಿಂದೆ ಎಲ್ಲೋ ಇರುವ ಸರ್ವರ್ ಸುರಕ್ಷಿತವಾದರೆ ಅದರ ಲಾಭ ನಿಮಗೂ ಬರುತ್ತದೆ.

ಫೋನಿನಲ್ಲೂ ವರ್ಚುವಲ್ ಮಷಿನ್ ಇರಬಹುದೇ? ಇರಬಹುದು. ಆಂಡ್ರಾಯ್ಡ್ 13ರಿಂದ ಕೆಲವು ಫೋನುಗಳಲ್ಲಿ ಈ ಸೌಲಭ್ಯವಿದೆ. 2025ರ ಮಾರ್ಚ್‌ನಲ್ಲಿ ಗೂಗಲ್ ತನ್ನ ಪಿಕ್ಸೆಲ್ ಫೋನುಗಳಿಗೆ ಲಿನಕ್ಸ್ ಟರ್ಮಿನಲ್ ಕೊಟ್ಟಾಗ ಅದು ಓಡಿದ್ದು ಹೀಗೊಂದು ವರ್ಚುವಲ್ ಮಷಿನ್ ಒಳಗೆ. ಬಾಡಿಗೆ ಮನೆಯ ಗೋಡೆ ನೆನಪಿದೆಯಲ್ಲ? ಸೂಕ್ಷ್ಮವಾದ ಕೆಲಸವನ್ನು ಉಳಿದ ಆಪ್‌ಗಳಿಂದ ಬೇರೆಯಾಗಿಡಲು ಹಾಕಿದ ಗೋಡೆ ಅದು. ಸೆಟ್ಟಿಂಗ್ಸ್‌ನಲ್ಲಿ ಆ ಪದ ಕಂಡ ಮಾತ್ರಕ್ಕೆ ಯಾರೋ ಬೇಹುಗಾರಿಕೆ ಮಾಡುತ್ತಿದ್ದಾರೆ ಎಂದುಕೊಳ್ಳಬೇಕಿಲ್ಲ.

ನಿಮ್ಮ ಫೋನಿನ ಕರ್ನಲ್ ಯಾವ ಆವೃತ್ತಿಯದು ಎಂದು ನೋಡುವ ಕುತೂಹಲವಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ 'ಅಬೌಟ್ ಫೋನ್' ತೆರೆಯಿರಿ. ಹೆಚ್ಚಿನ ಫೋನುಗಳಲ್ಲಿ ಅಲ್ಲೋ ಅದರೊಳಗಿನ 'ಆಂಡ್ರಾಯ್ಡ್ ವರ್ಷನ್' ಪುಟದಲ್ಲೋ 'ಕರ್ನಲ್ ವರ್ಷನ್' ಎಂದು ಕಾಣುತ್ತದೆ. 5.15 ಅಥವಾ 6.1 ಎಂದಿದ್ದರೆ ಹಳೆಯದಾಯಿತಲ್ಲ ಎಂದು ಬೇಸರ ಬೇಡ. ಭದ್ರತಾ ಅಪ್‌ಡೇಟ್ ಬರುತ್ತಿರುವವರೆಗೆ, ಹಳೆಯ ಸಂಖ್ಯೆಯ ಕರ್ನಲ್‌ಗೂ ಹೊಸ ರಿಪೇರಿಗಳನ್ನು ಸೇರಿಸುತ್ತಾರೆ.

ಫಾರ್ವರ್ಡ್ ಮಾಡುವ ಮುನ್ನ

ಇಂಥ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ.

ಮೊದಲನೆಯದು, ಯಾವ ಷರತ್ತು? ಕರ್ನಲ್ ತಯಾರಿಸುವಾಗಿನ ಷರತ್ತೋ, ನಿಮ್ಮ ಅನುಮತಿಯ ಷರತ್ತೋ? ಸಂದೇಶದಲ್ಲಿ ಅದು ಸ್ಪಷ್ಟವಿಲ್ಲದಿದ್ದರೆ ಬರೆದವರಿಗೂ ಗೊತ್ತಿಲ್ಲ ಎಂದರ್ಥ.

ಎರಡನೆಯದು, ಯಾವ ಆವೃತ್ತಿ, ಯಾವ ತಿಂಗಳು? ನಿಜವಾದ ಬದಲಾವಣೆಗೆ ಸಂಖ್ಯೆ ಮತ್ತು ದಿನಾಂಕ ಇರುತ್ತದೆ. 'ಈಗಷ್ಟೇ ಬಂದ ಸುದ್ದಿ' ಎಂಬುದು ದಿನಾಂಕವಲ್ಲ.

ಮೂರನೆಯದು, ಕೊನೆಗೆ ಏನು ಮಾಡಲು ಹೇಳುತ್ತಿದ್ದಾರೆ? 'ಅಪ್‌ಡೇಟ್ ಹಾಕಬೇಡಿ' ಎಂದಿದ್ದರೆ ಅಲ್ಲೇ ನಿಲ್ಲಿ. ಅಪ್‌ಡೇಟ್ ನಿಲ್ಲಿಸಿದರೆ ಕಂಡುಹಿಡಿದು ಸರಿಪಡಿಸಿದ ತೂತುಗಳು ನಿಮ್ಮ ಫೋನಿನಲ್ಲಿ ಹಾಗೆಯೇ ಉಳಿಯುತ್ತವೆ. ಮಾದರಿ ಸಂದೇಶದಲ್ಲಿ ನಿಜವಾಗಿ ಹಾನಿ ಮಾಡಬಲ್ಲ ವಾಕ್ಯ ಅದೊಂದೇ.

ಕಚೇರಿಯವರು 'ರೇಷನ್ ಕಾರ್ಡೇ ಬೇಕೆಂದಿಲ್ಲ, ವೋಟರ್ ಐಡಿ ಕೂಡ ನಡೆಯುತ್ತದೆ' ಎಂದು ಬೋರ್ಡು ಹಾಕಿದರೆ 'ಇನ್ನು ಯಾರು ಬೇಕಾದರೂ ಒಳಗೆ ನುಗ್ಗಬಹುದು' ಎಂದು ನಾವು ಊರಿಗೆಲ್ಲ ಸಾರುವುದಿಲ್ಲ. ಹೊರಗೆ ನಿಂತಿದ್ದ ಅರ್ಹರಿಗೂ ಕೆಲಸವಾಯಿತು ಎಂದು ಸಮಾಧಾನಪಡುತ್ತೇವೆ. ಕರ್ನಲ್‌ನಲ್ಲಿ ಷರತ್ತು ಸಡಿಲವಾಯಿತು ಎಂಬ ಸುದ್ದಿ ಮುಂದಿನ ಸಲ ಬಂದರೆ ಆ ಬೋರ್ಡನ್ನು ನೆನಪಿಸಿಕೊಳ್ಳಿ. ಗ್ರೂಪಿನಲ್ಲಿ ಯಾರಾದರೂ ಗಾಬರಿಯಾಗಿದ್ದರೆ ಅವರಿಗೂ ಅದನ್ನೇ ಹೇಳಿ. ಹಾಗೆಯೇ, ನಿಮ್ಮ ಫೋನಿನಲ್ಲಿ ಮುಂದೂಡುತ್ತಾ ಬಂದಿರುವ ಅಪ್‌ಡೇಟ್ ಇದ್ದರೆ ಇವತ್ತು ರಾತ್ರಿ ಚಾರ್ಜಿಗೆ ಹಾಕುವಾಗ ಅದನ್ನೂ ಹಾಕಿಬಿಡಿ.